ಗೋಡೆಗೆ ಸಿಕ್ಕಿಸಿದ ಕಾಫಿ ಚೀಟಿ

ಜಪಾನಿಗೆ ಹೋದ ಮೊದಲ ಹತ್ತು ದಿನ ನಾನು ಬೆಳಗಿನ ತಿಂಡಿ ತಿಂದದ್ದು ನಿಂತುಕೊಂಡೇ. ರೂಮಿನ ಎದುರಿಗೆ ಹಗಲೂ ರಾತ್ರಿ ತೆರೆದಿರುವ ಒಂದು ಅಂಗಡಿ. ಅಲ್ಲೊಂದು ಅನ್ನದ ಉಂಡೆ, ಒಂದು ಡಬ್ಬಿ ಕಾಫಿ ತಗೊಂಡು, ಹೊರಗೆ ಕಸದ ಡಬ್ಬದ ಪಕ್ಕ ನಿಂತು ಗಬಗಬ ತಿಂದು ಸ್ಟೇಷನ್ ಕಡೆ ಓಡುವುದು. ಆ ಹೊತ್ತಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದವನು ಬಿಲ್ ಹಾಕುವ ಹುಡುಗ ಒಬ್ಬನೇ. ಅವನು ಕೇಳುತ್ತಿದ್ದದ್ದೂ ಕವರ್ ಬೇಕಾ ಅಂತ, ಅಷ್ಟೇ. ಹೊಟ್ಟೆಯೇನೋ ತುಂಬುತ್ತಿತ್ತು. ಆದರೆ ಯಾರ ಮುಖವನ್ನೂ ನೋಡದೆ ದಿನ ಶುರುವಾದ ಹಾಗೆ ಇರುತ್ತಿತ್ತು.

ನಾನು ಶಿಡ್ಲಘಟ್ಟದವನು. ಅಪ್ಪ ರೀಲರ್. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು ನಮ್ಮ ಮನೆಯ ಕಸುಬು. ಬೆಳಿಗ್ಗೆ ಗೂಡಿನ ಮಾರ್ಕೆಟ್‌ಗೆ ಹೋಗುವ ಮುಂಚೆ ಅಪ್ಪ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅಪ್ಪ ಮೆಟ್ಟಿಲು ಹತ್ತುವಾಗಲೇ 'ಒಂದು ಸ್ಟ್ರಾಂಗ್, ಸಕ್ರೆ ಕಮ್ಮಿ' ಅಂತ ಒಳಗೆ ಕೂಗು ಹೋಗುತ್ತಿತ್ತು. ಅಪ್ಪ ಬಾಯೇ ಬಿಡುತ್ತಿರಲಿಲ್ಲ. ದುಡ್ಡೂ ಕೊಡುತ್ತಿರಲಿಲ್ಲ. ಗಲ್ಲಾದ ಪಕ್ಕ ಒಂದು ಉದ್ದ ನೋಟ್‌ಬುಕ್, ಅದರಲ್ಲಿ ಅಪ್ಪನ ಹೆಸರಿಗೊಂದು ಪುಟ. ನೂಲು ಮಾರಿ ಕೈಗೆ ಕಾಸು ಬಂದ ದಿನ ಲೆಕ್ಕ ಚುಕ್ತಾ. ಒಂದು ವಾರ ಅಪ್ಪ ಜ್ವರ ಬಂದು ಮಲಗಿದ್ದಾಗ ಹೋಟೆಲಿನವರೇ ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದರು. ಬಾಕಿ ಕೇಳೋಕೆ ಬಂದರೇನೋ ಅಂತ ಅಮ್ಮ ಗಾಬರಿಯಾದಳು. ಅವರು ಫ್ಲಾಸ್ಕ್‌ನಲ್ಲಿ ಕಾಫಿ ತಂದಿದ್ದರು.

ನನಗೆ ಬೇಕಾಗಿದ್ದದ್ದು ಅಂಥ ಒಂದು ಜಾಗ. ಅದು ಸಿಕ್ಕಿತು. ಹೇಗೆ ಸಿಕ್ಕಿತು ಅಂತ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಈಗ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯಿಂದ ಹೊರದೇಶಕ್ಕೆ ಕೆಲಸಕ್ಕೆ ಹೊರಡುವ ಹುಡುಗರು ನನ್ನ ಹತ್ತಿರ ಬಂದು ಕೇಳುತ್ತಾರೆ. ಅಕ್ಕಿ ಸಿಗುತ್ತಾ, ಕುಕ್ಕರ್ ಒಯ್ಯಬೇಕಾ, ಚಳಿ ಎಷ್ಟಿರುತ್ತೆ ಅಂತ. ಎಲ್ಲಾ ಹೇಳುತ್ತೇನೆ. ಕೊನೆಗೆ, ಮೊದಲ ತಿಂಗಳಲ್ಲೇ ಒಂದು ಹೋಟೆಲ್ ಹುಡುಕಿಕೋ ಮಾರಾಯ ಅನ್ನುತ್ತೇನೆ. ಅವರಿಗೆ ಇದು ಅಷ್ಟು ಮುಖ್ಯ ಅನ್ನಿಸುವುದಿಲ್ಲ.

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ನನಗೆ ಕೆಲಸ. 2018ರ ಏಪ್ರಿಲ್‌ನಲ್ಲಿ ಕಂಪನಿಯವರು ತರಬೇತಿಗೆ ಅಂತ ಒಂದೂವರೆ ವರ್ಷ ಕಳಿಸಿದರು. ರೂಮು ಕೊಟ್ಟದ್ದು ಐಚಿ ಪ್ರಾಂತ್ಯದ ಇಚಿನೋಮಿಯಾ ಅನ್ನುವ ಊರಿನಲ್ಲಿ. ದೊಡ್ಡ ಊರಾದ ನಗೋಯಾಕ್ಕೆ ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ.

ಹನ್ನೊಂದನೇ ದಿನ ಶನಿವಾರ, ರಜೆ. ಮಳೆ ಬರುತ್ತಿತ್ತು. ಹಿಂದಿನ ಬೀದಿಯಲ್ಲಿ ಒಂದು ಹಳೇ ಕಾಫಿ ಹೋಟೆಲ್ ಕಂಡಿತು. ಅಲ್ಲಿ ಇಂಥದ್ದಕ್ಕೆ ಕಿಸ್ಸಾತೆನ್ ಅನ್ನುತ್ತಾರೆ. ಬಾಗಿಲು ತಳ್ಳಿದರೆ ಗಂಟೆ ಕಿಣಿ ಅಂತು. ಐದು ಸ್ಟೂಲಿನ ಒಂದು ಉದ್ದ ಕಟ್ಟೆ, ನಾಲ್ಕು ಮೇಜು, ಸವೆದ ಮಖಮಲ್ಲಿನ ಕುರ್ಚಿಗಳು. ಕಟ್ಟೆಯ ಹಿಂದೆ ಎಪ್ಪತ್ತು ದಾಟಿದ ಗಂಡ ಹೆಂಡತಿ. ಗಂಡನನ್ನು ಎಲ್ಲರೂ 'ಮಾಸ್ಟರ್' ಅನ್ನುತ್ತಿದ್ದರು, ಹೆಂಡತಿಯನ್ನು 'ಮಾಮ'. ನಮ್ಮಲ್ಲಿ ಮಾಮ ಅಂದರೆ ಅಮ್ಮನ ಅಣ್ಣ ತಮ್ಮ, ಅಲ್ವಾ? ಅಲ್ಲಿ ಅದು ಅಮ್ಮ ಅನ್ನುವ ಅರ್ಥದ ಮಾತು, ಹೋಟೆಲ್ ನಡೆಸುವ ಹೆಂಗಸಿಗೂ ಸಲ್ಲುತ್ತದೆ. ನನಗೆ ಎರಡು ಅರ್ಥವೂ ಹೊಂದಿಕೊಂಡವು.

ಒಂದು ಕಾಫಿ ಅಂದೆ. ಕಾಫಿ ಬಂತು. ಜೊತೆಗೆ ಬೆಣ್ಣೆ ಸವರಿದ ದಪ್ಪನೆಯ ಟೋಸ್ಟ್, ಒಂದು ಬೇಯಿಸಿದ ಮೊಟ್ಟೆ. ಇದನ್ನು ನಾನು ಕೇಳಿಲ್ಲ ಅಂತ ಕೈಯಾಡಿಸಿದೆ. ಮಾಮ ನಕ್ಕು ತಟ್ಟೆಯನ್ನು ನನ್ನ ಕಡೆಗೇ ತಳ್ಳಿದರು. ಆಮೇಲೆ ಗೊತ್ತಾಯಿತು, ಇದು ಆ ಸೀಮೆಯ ಪದ್ಧತಿ, ಹೆಸರು 'ಮಾರ್ನಿಂಗ್'. ಬೆಳಿಗ್ಗೆ ಸುಮಾರು 11 ಗಂಟೆಯವರೆಗೆ ಕಾಫಿಗೆ ದುಡ್ಡು ಕೊಟ್ಟರೆ ತಿಂಡಿ ಹಾಗೇ ಬರುತ್ತದೆ.

ಇದು ಶುರುವಾದ ಕತೆಯನ್ನು ಪಕ್ಕದ ಸ್ಟೂಲಿನ ಅಜ್ಜ ಮುಂದೊಂದು ದಿನ ಹೇಳಿದರು. ಅರ್ಧ ಕೈಸನ್ನೆ, ಅರ್ಧ ಫೋನಿನ ಅನುವಾದ. ಇಚಿನೋಮಿಯಾ ಉಣ್ಣೆ ಬಟ್ಟೆ ನೇಯುವ ಊರು. 1950ರ ದಶಕದಲ್ಲಿ ಬೀದಿ ಬೀದಿಗೂ ಮಗ್ಗ. ಮಗ್ಗ ಒಂದು ಸಲ 'ಗಚ' ಅಂದರೆ ಹತ್ತು ಸಾವಿರ ಯೆನ್, ಅಂದರೆ ಒಂದು 'ಮನ್' ಬಂತು ಅಂತ ಲೆಕ್ಕ. ಅದಕ್ಕೇ ಆ ಕಾಲವನ್ನು 'ಗಚಾಮನ್' ಅಂತಲೇ ಕರೆಯುತ್ತಾರೆ. ಮಗ್ಗದ ಸದ್ದಿನಲ್ಲಿ ವ್ಯಾಪಾರದ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಮಾಲೀಕರು ಬಂದವರನ್ನು ಕರೆದುಕೊಂಡು ಕಾಫಿ ಹೋಟೆಲಿಗೆ ಬರುತ್ತಿದ್ದರು. ದಿನಾ ಬರುವ ಗಿರಾಕಿಗೆ ಸುಮ್ನೆ ಕಾಫಿ ಮಾತ್ರ ಕೊಡುವುದು ಹೇಗೆ ಅಂತ ಹೋಟೆಲಿನವರು ಬೇಯಿಸಿದ ಮೊಟ್ಟೆ, ಕಡಲೆಕಾಯಿ ಬೀಜ ಇಡತೊಡಗಿದರು. ಅಜ್ಜ ಕೂಡ ಮಗ್ಗದಲ್ಲೇ ದುಡಿದವರು.

ನಾನು ನಮ್ಮಪ್ಪ ರೇಷ್ಮೆ ನೂಲು ತೆಗೆಯುವವರು ಅಂದೆ. ಅಜ್ಜ ತಲೆ ಎತ್ತಿ ನನ್ನ ಮುಖ ನೋಡಿದರು. ಅಲ್ಲಿಯವರೆಗೆ ನಾನು ಅವರ ಪಕ್ಕ ಕೂರುವ ಒಬ್ಬ ಪರದೇಶದವನು.

ಆ ಮಾತಿಗೆ ಬರುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಅಷ್ಟು ದಿನ ನಾನು ಮಾಡಿದ್ದು ಒಂದೇ, ಅದೇ ಹೊತ್ತಿಗೆ ಹೋದೆ. ಏಳು ಹತ್ತಕ್ಕೆ ಒಳಗೆ, ಏಳು ನಲವತ್ತಕ್ಕೆ ಹೊರಗೆ. ದಿನಾ ಹೋಗುವಷ್ಟು ದುಡ್ಡು ಮೊದಲು ಇರಲಿಲ್ಲ. ಕಾಫಿಗೆ 400 ಯೆನ್, ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 250 ರೂಪಾಯಿ. ಊರಿನಲ್ಲಿ ಅಷ್ಟಕ್ಕೆ 25 ಕಾಫಿ ಬರುತ್ತಿತ್ತು. ಅದಕ್ಕೇ ಮಂಗಳವಾರ, ಗುರುವಾರ, ಶನಿವಾರ ಅಂತ ಇಟ್ಟುಕೊಂಡೆ. ಮನಸ್ಸಿಗೆ ಬಂದಾಗ ಹೋಗಿ, ಬೇಡ ಅನ್ನಿಸಿದಾಗ ಬಿಡುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ವಾರಕ್ಕೆ ಮೂರೇ ದಿನವಾದರೂ ಇವನು ಇಂಥ ದಿನ ಬರುತ್ತಾನೆ ಅಂತ ಅವರಿಗೆ ಗೊತ್ತಾಗುತ್ತದೆ. ಒಂದು ಮಂಗಳವಾರ ಹತ್ತು ನಿಮಿಷ ತಡವಾಗಿ ಹೋದೆ. ನನ್ನ ಮೊಟ್ಟೆ ಆಗಲೇ ತಟ್ಟೆಯಲ್ಲಿತ್ತು, ಮೇಲೆ ಒಂದು ಸಣ್ಣ ಬಟ್ಟೆ ಮುಚ್ಚಿತ್ತು.

ಭಾಷೆಗೆ ಹೆದರಬೇಡಿ. ನಾನು ಮೊದಲ ತಿಂಗಳು ಬರೀ ಮೂರು ಮಾತಿನಲ್ಲಿ ಕಳೆದೆ. ಹೋದ ತಕ್ಷಣ 'ಒಹಾಯೊ ಗೊಝಾಯ್ಮಸು', ಬೆಳಗಿನ ನಮಸ್ಕಾರ. ತಿಂಡಿ ಹೇಳುವಾಗ 'ಇತ್ಸುಮೊನೊ', ಮಾಮೂಲಿದೇ ಕೊಡಿ ಅಂತ. ಏಳುವಾಗ 'ಗೊಚಿಸೋಸಮ ದೆಶಿತ', ಊಟ ಚೆನ್ನಾಗಿತ್ತು, ಉಪಕಾರ ಆಯ್ತು ಅನ್ನುವ ಥರದ ಮಾತು. ಮಧ್ಯದ ಮಾತನ್ನು ಮಾತ್ರ ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ಮಾಮೂಲಿ ಆಗುವ ಮುಂಚೆಯೇ ಮಾಮೂಲಿದು ಕೊಡಿ ಅಂದರೆ ಚೆನ್ನಾಗಿರುವುದಿಲ್ಲ. ಕನ್ನಡದವರಿಗೆ ಆ ಭಾಷೆ ನಾಲಿಗೆಗೆ ಬೇಗ ಬರುತ್ತದೆ ಅನ್ನುವುದು ನನ್ನ ಅನುಭವ. 'ಕೋಹಿ ಒ ನೋಮಿಮಸು ಕಾ' ಅಂದರೆ 'ಕಾಫಿ ಅನ್ನು ಕುಡಿಯುತ್ತೀರಾ'. ಪದಗಳ ಸಾಲು ಒಂದೇ, ಪ್ರಶ್ನೆಯ ಅಕ್ಷರ ಕೊನೆಯಲ್ಲಿ ಬರುವುದೂ ಒಂದೇ.

ಎರಡು ತಪ್ಪು ಮಾಡಿದೆ. ಮೊದಲ ವಾರ ಕಟ್ಟೆಯ ಮೂಲೆಯ ಸ್ಟೂಲಿನಲ್ಲಿ ಕೂತೆ. ಗೋಡೆಗೆ ಒರಗಿಕೊಳ್ಳಬಹುದು, ಬೀದಿ ಕಾಣುತ್ತದೆ. ಎಂಟು ಗಂಟೆಯ ಅಜ್ಜಿಯೊಬ್ಬರು ಅವತ್ತು ಬೇಗ ಬಂದು, ಏನೂ ಹೇಳದೆ ಮೇಜಿನ ಹತ್ತಿರ ಹೋಗಿ ಕೂತರು. ಮಾಮ ಅವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅದು ಅಜ್ಜಿಯ ಜಾಗ. ಮಾರನೆಯ ಸಲದಿಂದ ನಾನು ನಡುವಿನ ಸ್ಟೂಲಿಗೆ ಬಂದೆ, ಕೊನೆಯವರೆಗೂ ಅಲ್ಲೇ ಕೂತೆ.

ಎರಡನೇ ತಪ್ಪು ದೊಡ್ಡದು. ಒಂದು ಭಾನುವಾರ ನಮ್ಮ ಕಡೆಯ ನಾಲ್ಕು ಹುಡುಗರನ್ನು ಕರೆದುಕೊಂಡು ಹೋದೆ. ಎಷ್ಟೋ ದಿನದ ಮೇಲೆ ಸಿಕ್ಕವರು. ಕನ್ನಡ, ತೆಲುಗು ಎಲ್ಲಾ ಬೆರೆಸಿ ಜೋರು ಜೋರು ಮಾತು. ಒಂದೂವರೆ ಗಂಟೆ ಎರಡು ಮೇಜು ಹಿಡಿದುಕೊಂಡು ಕೂತಿದ್ದೆವು. ಬಾಗಿಲ ಹತ್ತಿರ ಜನ ಬಂದು ನೋಡಿ ವಾಪಸ್ ಹೋದದ್ದು ನನಗೆ ಕಂಡದ್ದು ಹೊರಡುವಾಗ. ಯಾರೂ ಒಂದು ಮಾತು ಅನ್ನಲಿಲ್ಲ. ಮಂಗಳವಾರ ಹೋಗಿ ತಲೆ ಬಗ್ಗಿಸಿ ಕ್ಷಮೆ ಕೇಳಿದೆ. ಮಾಸ್ಟರ್ 'ಎಷ್ಟು ಖುಷಿಯಾಗಿದ್ದಿರಿ' ಅಂದರು. ದೊಡ್ಡ ಮನಸ್ಸು. ಆದರೂ ಆಮೇಲೆ ನಾನು ಒಬ್ಬರಿಗಿಂತ ಜಾಸ್ತಿ ಜನರನ್ನು ಕರೆದೊಯ್ಯಲಿಲ್ಲ.

ಒಬ್ಬ ಗೌರಿಬಿದನೂರಿನ ಗೆಳೆಯ ಮೊಟ್ಟೆ ತಿನ್ನುವವನಲ್ಲ. ಅವನಿಗೆ 'ತಮಾಗೊ ನುಕಿ ದೆ', ಮೊಟ್ಟೆ ಬಿಟ್ಟು ಕೊಡಿ ಅನ್ನುವುದನ್ನು ಕಲಿಸಿದೆ. ಸಸ್ಯಾಹಾರಿಗಳಿಗೆ ಅಲ್ಲಿನ ಕಷ್ಟ ಇರುವುದು ಸಾರಿನಲ್ಲಿ. ತರಕಾರಿ ಮಾತ್ರ ಕಂಡರೂ ಒಣಗಿದ ಮೀನಿನ ತಿಳಿ ಬೆರೆತಿರುತ್ತದೆ. ಕಾಫಿ ಹೋಟೆಲಿನ ಟೋಸ್ಟ್‌ಗೆ ಆ ತಾಪತ್ರಯ ಕಮ್ಮಿ.

ಇನ್ನು ಚೀಟಿಯ ವಿಷಯ. ಆ ಸೀಮೆಯ ಕಾಫಿ ಹೋಟೆಲುಗಳಲ್ಲಿ ಕಾಫಿ ಟಿಕೆಟ್ ಮಾರುತ್ತಾರೆ. ಹತ್ತು ಕಾಫಿಯ ದುಡ್ಡಿಗೆ ಹನ್ನೊಂದು ಚೀಟಿ, ಒಂದು ಪುಸ್ತಕದ ಹಾಗೆ. ಚೀಟಿಯನ್ನು ಮನೆಗೆ ತಗೊಂಡು ಹೋಗುವುದಿಲ್ಲ. ಹೋಟೆಲಿನ ಗೋಡೆಗೇ ಸಿಕ್ಕಿಸಿರುತ್ತಾರೆ, ಮೇಲೆ ಗಿರಾಕಿಯ ಹೆಸರು ಬರೆದು. ಕಾಫಿ ಕುಡಿದ ಹಾಗೆ ಅವರೇ ಒಂದೊಂದು ಹರಿದುಕೊಳ್ಳುತ್ತಾರೆ. ಮಾಸ್ಟರ್ ಹಿಂದಿನ ಗೋಡೆ ತುಂಬಾ ಇಂಥ ಚೀಟಿಗಳು, ಹೆಸರಿನ ಮೇಲೆ ಹೆಸರು. ಅದನ್ನು ನೋಡಿದಾಗಲೆಲ್ಲ ನನಗೆ ಗಲ್ಲಾದ ಪಕ್ಕದ ಉದ್ದ ನೋಟ್‌ಬುಕ್ ಕಣ್ಣಿಗೆ ಬರುತ್ತಿತ್ತು. ನಮ್ಮಲ್ಲಿ ಕುಡಿದ ಮೇಲೆ ಬರೆದುಕೊಳ್ಳುತ್ತಾರೆ, ಅವರಲ್ಲಿ ಮುಂಚೆಯೇ ಕೊಟ್ಟಿರುತ್ತಾರೆ. ನಂಬಿಕೆ ಒಂದು ಕಡೆ ಹೋಟೆಲಿನವರದು, ಇನ್ನೊಂದು ಕಡೆ ಗಿರಾಕಿಯದು.

ಎರಡನೇ ತಿಂಗಳ ಕೊನೆಗೆ 4000 ಯೆನ್ ಕೊಟ್ಟು ಒಂದು ಪುಸ್ತಕ ತಗೊಂಡೆ. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ, ಕೇಳುವುದಕ್ಕೆ ಸಂಕೋಚ. ಮಾಮ ಪೆನ್ನು ತಗೊಂಡು 'ಇಂದೊ ಸಾನ್' ಅಂತ ಬರೆದರು. ಇಂದೊ ಅಂದರೆ ಇಂಡಿಯಾ. ಇಂಡಿಯಾದವರು ಅಂತ. ಆ ಪುಸ್ತಕ ಮುಗಿದು ಎರಡನೆಯದು ತಗೊಂಡಾಗ, ಕೈಯಲ್ಲಿ ಪೆನ್ನು ಹಿಡಿದು ನಿಂತು ಹೆಸರು ಕೇಳಿದರು. ಹೇಳಿದೆ. ಮತ್ತೆ ಹೇಳಿ ಅಂದರು. ನಿಧಾನವಾಗಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬರೆದು, ತಿರುಗಿಸಿ ನನಗೆ ತೋರಿಸಿ, ಸರಿಯಾಗಿದೆಯಾ ಅಂತ ಓದಿಸಿಕೊಂಡು ಗೋಡೆಗೆ ಸಿಕ್ಕಿಸಿದರು. ಅಜ್ಜನ ಚೀಟಿಯ ಪಕ್ಕದಲ್ಲೇ.

ಅವತ್ತು ಹೊರಡುವಾಗ ಇನ್ನೊಂದು ಆಯಿತು. ದಿನಾ ಮಾಮ ಬಾಗಿಲ ಹತ್ತಿರ 'ಅರಿಗಾತೊ ಗೊಝಾಯ್ಮಶಿತ' ಅನ್ನುತ್ತಿದ್ದರು. ಗಿರಾಕಿಗೆ ಹೇಳುವ ಧನ್ಯವಾದ. ಅವತ್ತು 'ಇತ್ತೆರಾಶ್ಶಾಯ್' ಅಂದರು. ಮನೆಯಿಂದ ಹೊರಡುವವರಿಗೆ ಮನೆಯವರು ಹೇಳುವ ಮಾತು ಅದು. ಹೋಗಿ ಬನ್ನಿ ಅಂತ. ಅದಕ್ಕೆ ಉತ್ತರ 'ಇತ್ತೆಕಿಮಸು'. ಹೋಗಿ ಬರ್ತೀನಿ. ನಮ್ಮ ಹಾಗೆ ಅವರೂ ಹೋಗ್ತೀನಿ ಅಂತ ಮಾತ್ರ ಹೇಳಿ ಹೊರಡುವವರಲ್ಲ. ನಾನು 'ಇತ್ತೆಕಿಮಸು' ಅಂದೆ. ಸ್ಟೇಷನ್ನಿನವರೆಗೂ ಅದನ್ನೇ ಹೇಳಿಕೊಂಡು ನಡೆದೆ.

ಆಮೇಲೆ ದಿನಾ ಹೋಗತೊಡಗಿದೆ. ಅಂಗಡಿಯ ಡಬ್ಬಿ ಕಾಫಿ, ಸಂಜೆಯ ತಿಂಡಿ ನಿಲ್ಲಿಸಿದೆ, ಲೆಕ್ಕ ಸರಿಹೋಯಿತು.

2019ರ ಜನವರಿಯಲ್ಲಿ ಜ್ವರ ಬಂದು ಐದು ದಿನ ಹೋಗಲಿಲ್ಲ. ಆರನೇ ದಿನ ಬಾಗಿಲು ತಳ್ಳಿದಾಗ ಮಾತಾಡುತ್ತಿದ್ದವರೆಲ್ಲ ಒಂದು ಗಳಿಗೆ ನಿಂತರು. ಮಾಮ ಒಳಗಿನಿಂದ ಒಂದು ಕವರ್ ತುಂಬಾ ಮಿಕಾನ್ ತಂದರು, ಸುಲಭವಾಗಿ ಸಿಪ್ಪೆ ಬಿಡುವ ಸಣ್ಣ ಕಿತ್ತಳೆ. ನಾಲ್ಕು ದಿನದಿಂದ ಎತ್ತಿಟ್ಟಿದ್ದರಂತೆ. ರೂಮು ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ, ಇಲ್ಲದಿದ್ದರೆ ಬರುತ್ತಿದ್ದೆವು ಅಂದರು. ಅವತ್ತೇ ವಿಳಾಸ ಬರೆದುಕೊಟ್ಟೆ.

ಆ ವರ್ಷ ಯುಗಾದಿ ಏಪ್ರಿಲ್ 6, ಶನಿವಾರ. ಊರಿನಲ್ಲಿ ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿರುತ್ತಾಳೆ ಅಂತ ಯೋಚಿಸುತ್ತಾ ಕೂತಿದ್ದೆ. ಯಾಕೆ ಸಪ್ಪಗಿದ್ದೀಯ ಅಂದರು ಅಜ್ಜ. ಇವತ್ತು ನಮಗೆ ಹೊಸ ವರ್ಷ ಅಂದೆ, ಫೋನಿನಲ್ಲಿ ಒಬ್ಬಟ್ಟಿನ ಚಿತ್ರ ತೋರಿಸಿದೆ. ಒಳಗೆ ಏನಿದೆ ಅಂತ ಮಾಸ್ಟರ್ ಕೇಳಿದರು. ಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿದ್ದು ಅಂದೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಟೋಸ್ಟ್ ತಂದಿಟ್ಟರು. ಬೆಣ್ಣೆಯ ಮೇಲೆ ದಪ್ಪಗೆ ಕಡುಕೆಂಪು ಹೂರಣ. ಅದಕ್ಕೆ ಒಗುರಾ ಟೋಸ್ಟ್ ಅನ್ನುತ್ತಾರೆ, ನಗೋಯಾ ಕಡೆಯ ವಿಶೇಷ. ಅಜುಕಿ ಅನ್ನುವ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಮಾಡುವುದು. ನಮ್ಮ ಅಲಸಂದೆಗೆ ಹತ್ತಿರದ ಕಾಳು. ಒಂದು ವರ್ಷದಿಂದ ಮೆನುವಿನಲ್ಲಿ ಅದರ ಚಿತ್ರ ನೋಡಿದ್ದೆ, ಚಾಕೊಲೇಟ್ ಅಂದುಕೊಂಡಿದ್ದೆ. ಬಾಯಿಗೆ ಇಟ್ಟರೆ ಹೂರಣವೇ. ಏಲಕ್ಕಿ ಇಲ್ಲ, ಬೆಲ್ಲದ ಘಮ ಇಲ್ಲ. ಆದರೂ ಹೂರಣ. ಕಣ್ಣಲ್ಲಿ ನೀರು ಬಂತು. ಮಾಮ ಕರವಸ್ತ್ರ ಕೊಡಲಿಲ್ಲ, ಸಮಾಧಾನ ಹೇಳಲಿಲ್ಲ. ಲೋಟಕ್ಕೆ ನೀರು ತುಂಬಿಸಿ ಆ ಕಡೆ ಹೋದರು. ಅದೂ ಒಂದು ಮರ್ಯಾದೆ.

ಮೇ ತಿಂಗಳಲ್ಲಿ ತಂಗಿ ಮದುವೆಗೆ ಹದಿನೈದು ದಿನ ಊರಿಗೆ ಬಂದಿದ್ದೆ. ವಾಪಸ್ ಹೋಗುವಾಗ ಏನು ಒಯ್ಯಲಿ ಅಂದಾಗ ಅಪ್ಪ ಒಂದು ಲಡಿ ಹಸಿ ರೇಷ್ಮೆ ಕೊಟ್ಟರು, ಅವರೇ ತೆಗೆದದ್ದು. ಹೋಟೆಲಿಗೆ ಕಾಫಿ ಪುಡಿ, ಅಜ್ಜನಿಗೆ ರೇಷ್ಮೆ. ಅಜ್ಜ ಕೈ ಒರೆಸಿಕೊಂಡು ಲಡಿಯನ್ನು ತಗೊಂಡರು. ಹಸಿ ರೇಷ್ಮೆಯಲ್ಲಿ ಗೂಡಿನ ಅಂಟು ಇನ್ನೂ ಇರುತ್ತದೆ, ಮುಟ್ಟಿದರೆ ಬಿರುಸು. ಒಂದು ಎಳೆ ಬೇರೆ ಮಾಡಿ ಬೆರಳ ಮಧ್ಯೆ ಉರುಳಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು, ಬಿಟ್ಟು, ಮತ್ತೆ ಎಳೆದರು. 'ಕಿಇತೊ' ಅಂದರು. ಹಸಿ ರೇಷ್ಮೆ ಅಂತಲೇ ಅರ್ಥ. ಆಮೇಲೆ, ನಿಮ್ಮಪ್ಪನ ಕೈ ಒಳ್ಳೆಯದು ಅಂದರು. ನಮ್ಮಪ್ಪನಿಗೆ ಆ ಮಾತನ್ನು ಫೋನ್ ಮಾಡಿ ಹೇಳಿದೆ. ಅಲ್ಲಿ ಏಳೂವರೆ, ಇಲ್ಲಿ ಬೆಳಗಿನ ಜಾವ ನಾಲ್ಕು. ಅಪ್ಪ ಎದ್ದು ಕೂತು ಇನ್ನೊಂದು ಸಲ ಹೇಳು ಅಂದರು.

ಜುಲೈ ಕೊನೆಗೆ ಆ ಊರಿನಲ್ಲಿ ತನಾಬಾತ ಹಬ್ಬ. ನೇಯುವ ಹುಡುಗಿ, ದನ ಕಾಯುವ ಹುಡುಗ, ಇಬ್ಬರೂ ಆಕಾಶದ ನಕ್ಷತ್ರಗಳು, ನಡುವೆ ಆಕಾಶಗಂಗೆ. ವರ್ಷಕ್ಕೆ ಒಂದೇ ದಿನ ಸೇರುವ ಅವಕಾಶ. ಅವತ್ತು ಮಳೆ ಬಂದರೆ ಹೊಳೆ ತುಂಬಿ ಸೇರುವುದಕ್ಕಾಗುವುದಿಲ್ಲ ಅನ್ನುತ್ತಾರೆ. ಮಾಮ ಹೋಟೆಲಿನ ಬಾಗಿಲಲ್ಲಿ ಬಿದಿರು ಕೊಂಬೆ ನಿಲ್ಲಿಸಿ, ಎಲ್ಲರಿಗೂ ಬಣ್ಣದ ಚೀಟಿ ಕೊಟ್ಟರು. ಬೇಡಿಕೆ ಬರೆದು ಕಟ್ಟಬೇಕು. ನಿನ್ನ ಅಕ್ಷರದಲ್ಲೇ ಬರಿ ಅಂದರು. 'ನಮ್ಮೂರಿಗೆ ಮಳೆ ಬರಲಿ' ಅಂತ ಕನ್ನಡದಲ್ಲಿ ಬರೆದೆ. ಏನು ಬರೆದೆ ಅಂತ ಕೇಳಿದರು. ಹೇಳಿದೆ. ಎಲ್ಲರೂ ಮಳೆ ಬೇಡ ಅನ್ನುವ ಹಬ್ಬ ಅದು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲ, ಸಾವಿರ ಅಡಿ ಕೊರೆದರೂ ನೀರು ಬರುವುದು ಖಾತ್ರಿ ಇಲ್ಲ, ನೀರಿಲ್ಲದೆ ಹಿಪ್ಪುನೇರಳೆ ಸೊಪ್ಪಿಲ್ಲ, ಸೊಪ್ಪಿಲ್ಲದೆ ಗೂಡಿಲ್ಲ ಅಂತ ನನಗೆ ಬಂದ ಮಾತಿನಲ್ಲಿ ವಿವರಿಸಿದೆ. ಮೂಲೆಯ ಸ್ಟೂಲಿನ ಅಜ್ಜಿ ಎದ್ದು ಬಂದು, ನನ್ನ ಚೀಟಿಯನ್ನು ಎಲ್ಲಕ್ಕಿಂತ ಮೇಲಿನ ಕೊಂಬೆಗೆ ಕಟ್ಟಿದರು. ಇಲ್ಲಿ ಬೇಡ, ಅಲ್ಲಿ ಬರಲಿ ಅಂದರು.

ಅಕ್ಟೋಬರ್‌ನಲ್ಲಿ ಹೊರಟಾಗ ನನ್ನ ಪುಸ್ತಕದಲ್ಲಿ ಎರಡು ಚೀಟಿ ಉಳಿದಿದ್ದವು. ಅಜ್ಜನಿಗೆ ಕೊಟ್ಟುಬಿಡಿ ಅಂದೆ. ಮಾಸ್ಟರ್ ಒಪ್ಪಲಿಲ್ಲ. ಗೋಡೆಯ ಮೇಲಿಂದ ತೆಗೆಯಲೂ ಇಲ್ಲ. ಹೊಸ ವರ್ಷಕ್ಕೆ ಅಲ್ಲಿನವರು ಕಾರ್ಡು ಬರೆಯುತ್ತಾರೆ. ನನಗೆ ಓದಲು ಬರಲಿ ಅಂತ ಸುಲಭದ ಅಕ್ಷರದಲ್ಲಿ ಮಾಮ ಬರೆದಿದ್ದರು, ಚೀಟಿ ಇದೆ ಅಂತ.

ಈಗ ಬೆಳಿಗ್ಗೆ ನಾನೂ ಮಾರ್ಕೆಟ್ ಹತ್ತಿರದ ಅದೇ ಹೋಟೆಲಿಗೆ ಹೋಗುತ್ತೇನೆ. ಹೋದ ವರ್ಷದಿಂದ ಅಲ್ಲಿಗೆ ಬಿಹಾರದ ಒಬ್ಬ ಹುಡುಗ ಬರುತ್ತಿದ್ದಾನೆ. ನೂಲು ಬಿಚ್ಚುವ ಘಟಕದಲ್ಲಿ ಕೆಲಸ. ಮೊದಲು ಪಾರ್ಸೆಲ್ ತಗೊಂಡು ಹೊರಗೆ ಕಟ್ಟೆಯ ಹತ್ತಿರ ನಿಂತು ತಿನ್ನುತ್ತಿದ್ದ. ಬೆರಳೆಲ್ಲ ಬಿಸಿ ನೀರಿಗೆ ಬೆಳ್ಳಗಾಗಿರುತ್ತಿತ್ತು. ಒಂದು ದಿನ ಒಳಗೆ ಕರೆದು ನನ್ನ ಪಕ್ಕ ಕೂರಿಸಿಕೊಂಡೆ. ಮೂರು ಮಾತು ಕಲಿಸಿದೆ. 'ನಮಸ್ಕಾರ ಅಣ್ಣ', 'ಎರಡು ಇಡ್ಲಿ ಒಂದು ವಡೆ', 'ಬರ್ತೀನಿ ಅಣ್ಣ'. ಮೂರನೆಯದನ್ನು ಅವನು ಮೊದಲು 'ಹೋಗ್ತೀನಿ' ಅನ್ನುತ್ತಿದ್ದ, ತಿದ್ದಿದೆ.

ನಿನ್ನೆ ಅವನು ಮೆಟ್ಟಿಲು ಹತ್ತುತ್ತಿದ್ದ ಹಾಗೆ ಒಳಗೆ ಕೂಗು ಹೋಯಿತು, 'ಎರಡು ಇಡ್ಲಿ ಒಂದು ವಡೆ, ಚಟ್ನಿ ಜಾಸ್ತಿ'.